ನಗಿಸಲು ಹೆಂಡತಿಯೇ ಬೇಕೆ?

ನಗೆಬರಹಗಾರರೇ, ಒಂದು ಮಾತು. ಹೆಂಡತಿಯ ಅಡುಗೆ, ಅತ್ತೆಯ ಬಾಯಿ, ಮನೆಯ ನಾಯಿ ಇಲ್ಲದಿದ್ದರೆ ನಿಮ್ಮ ಲೇಖನಿ ಓಡುವುದೇ ಇಲ್ಲವೇ? ಮನೆಯವರ ಬಗ್ಗೆ ಬರೆಯಲೇಬೇಡಿ ಎನ್ನುತ್ತಿಲ್ಲ. ಆದರೆ ತಿರುಗಿ ಉತ್ತರ ಕೊಡಲು ಅವರಿಗೆ ಪತ್ರಿಕೆಯಲ್ಲಿ ಜಾಗವಿಲ್ಲ, ನೆನಪಿರಲಿ.

ರಾ.ಶಿ. 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯಲ್ಲಿ ಟಿ. ಸುನಂದಮ್ಮ ಬರೆದಾಗ ಅಡುಗೆಮನೆಯೇ ಬಾಯಿ ಬಿಟ್ಟಿತು. ನಗೆಗೆ ಗುರಿಯಾಗುವ ಸರದಿ ಗಂಡಂದಿರಿಗೂ ಬಂತು! ತೇಜಸ್ವಿಯವರ ‘ಪರಿಸರದ ಕಥೆ’ಯ ನಾಯಿ ಕಿವಿಯನ್ನೇ ನೋಡಿ. ಅದು ಬರೀ ತಮಾಷೆಯ ವಸ್ತುವಲ್ಲ, ಕಾಡು ಸುತ್ತುವ ಜೊತೆಗಾರ. ಅಲ್ಲಿ ತೇಜಸ್ವಿ ತಮ್ಮ ಪೇಚನ್ನೂ ಮುಚ್ಚಿಡುವುದಿಲ್ಲ.

ಮೊದಲು ನಿಮ್ಮನ್ನು ನೀವೇ ಗೇಲಿ ಮಾಡಿಕೊಳ್ಳಿ. ಬರೆದದ್ದನ್ನು ಹೆಂಡತಿಯ ಎದುರು ಗಟ್ಟಿಯಾಗಿ ಓದಿ. ಅವರೂ ನಕ್ಕರೆ ಅದು ಹಾಸ್ಯ. ನೀವೊಬ್ಬರೇ ನಕ್ಕರೆ ಅದು ದಬ್ಬಾಳಿಕೆ!