ಮನೆಗೆ ಆಪ್ಟಿಕಲ್ ಫೈಬರ್ ಅಂತರ್ಜಾಲ: ನೈಜ ವೆಚ್ಚದ ಲೆಕ್ಕಾಚಾರ

(ಸಾರ್ವಜನಿಕರ ಮಾಹಿತಿಗಾಗಿ)

ಗ್ರಾಮ ಪಂಚಾಯಿತಿ ಕಚೇರಿಯವರೆಗೆ ಫೈಬರ್ ಬಂದಿದ್ದರೂ ಮನೆಗಳಿಗೆ ಸಂಪರ್ಕ ದೊರೆಯುವಲ್ಲಿ ವಿಳಂಬವೇಕೆ ಎಂಬ ಪ್ರಶ್ನೆ ಸಹಜವಾದುದು. ಇದನ್ನು ವೆಚ್ಚದ ದೃಷ್ಟಿಯಿಂದ ಕೆಳಕಂಡಂತೆ ವಿಶ್ಲೇಷಿಸಲಾಗಿದೆ.

1. ಅಂದಾಜು ಬದಲಾದ ಬಗೆ

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲದ ಆರಂಭಿಕ ಅಂದಾಜು ಸುಮಾರು 20,000 ಕೋಟಿ ರೂ. ಭಾರತ್‌ನೆಟ್ ಎಂದು ಹೆಸರಾದ ಸದರಿ ಯೋಜನೆಯ ಅಂದಾಜು 2017ರಲ್ಲಿ 42,068 ಕೋಟಿ ರೂ.ಗೆ ಏರಿತು. 2023ರ ಆಗಸ್ಟ್‌ನಲ್ಲಿ ಅನುಮೋದಿತವಾದ ತಿದ್ದುಪಡಿ ಕಾರ್ಯಕ್ರಮದ ವೆಚ್ಚ 1,39,579 ಕೋಟಿ ರೂ. ಇದನ್ನು ಕೇವಲ ಬೆಲೆ ಏರಿಕೆಯೆಂದು ಭಾವಿಸಲಾಗದು. ಹೊಸ ಕಾರ್ಯಕ್ರಮದಲ್ಲಿ ವರ್ತುಲಾಕಾರದ ಜಾಲ, ಬೇಡಿಕೆಯ ಮೇರೆಗೆ ಇತರ ಗ್ರಾಮಗಳಿಗೆ ಸಂಪರ್ಕ ಹಾಗೂ ಹತ್ತು ವರ್ಷಗಳ ನಿರ್ವಹಣೆ ಸೇರಿವೆ. ನಿರ್ವಹಣೆಯನ್ನು ಹೊರತುಪಡಿಸಿದ ಅಂದಾಜು ಪೂರ್ಣ ಲೆಕ್ಕವಾಗುವುದಿಲ್ಲ.

2. ಅಗೆತದ ವೆಚ್ಚ

ಒಟ್ಟು ವೆಚ್ಚದಲ್ಲಿ ಗಾಜಿನ ಎಳೆಯ ಪಾಲು ಅಲ್ಪ. ಕಂದಕ ತೋಡುವುದು, ರಸ್ತೆ ದುರಸ್ತಿ, ಅನುಮತಿ ಮತ್ತು ಕೂಲಿಯ ಪಾಲೇ ಅಧಿಕ. ಕಂಬಗಳ ಮೇಲೆ ಎಳೆದಲ್ಲಿ ಆರಂಭಿಕ ವೆಚ್ಚ ತಗ್ಗುತ್ತದೆಯಾದರೂ ಗಾಳಿ ಮಳೆಗೆ ತುಂಡಾಗುವುದರಿಂದ ದುರಸ್ತಿ ವೆಚ್ಚ ಹೆಚ್ಚುತ್ತದೆ.

3. ಸಂಪರ್ಕ ಪಡೆಯುವವರ ಸಂಖ್ಯೆ

ಉದಾಹರಣೆಗೆ, 200 ಮನೆಗಳ ಬೀದಿಗಳಲ್ಲಿ ಫೈಬರ್ ಅಳವಡಿಸಲು 10 ಲಕ್ಷ ರೂ. ತಗಲುವುದೆಂದು ಊಹಿಸೋಣ. ತಲಾ ಮನೆಗೆ 5,000 ರೂ. ಆಯಿತು. ಆದರೆ 50 ಮನೆಗಳವರು ಮಾತ್ರ ಸಂಪರ್ಕ ಪಡೆದಲ್ಲಿ ತಲಾ ವೆಚ್ಚ 20,000 ರೂ. ಆಗುತ್ತದೆ. ಮನೆಯೊಳಗಿನ ಸಾಧನ ಹಾಗೂ ಬೀದಿಯಿಂದ ಮನೆಗೆ ಎಳೆಯುವ ಕೇಬಲ್‌ನ ವೆಚ್ಚ ಪ್ರತ್ಯೇಕ. ಆದ್ದರಿಂದ ವಿರಳ ಮನೆಗಳ ಗ್ರಾಮಗಳಿಗೆ ಸರ್ಕಾರದ ನೆರವಿಲ್ಲದೆ ಸೇವೆ ತಲುಪುವುದು ಕಷ್ಟಸಾಧ್ಯ.

4. ಅರ್ಜಿದಾರರು ಗಮನಿಸತಕ್ಕ ಅಂಶಗಳು

ಅ) ಮಾಸಿಕ 499 ರೂ. ಎಂದು ಪ್ರಕಟಿಸಿದ ಯೋಜನೆಗೆ ಶೇ. 18ರಷ್ಟು ಜಿಎಸ್‌ಟಿ ಪ್ರತ್ಯೇಕವಾಗಿದ್ದಲ್ಲಿ ಪಾವತಿಸಬೇಕಾದುದು 588.82 ರೂ.; ವರ್ಷಕ್ಕೆ 7,065.84 ರೂ.

ಆ) ಅಳವಡಿಕೆ ಶುಲ್ಕ, ಸಾಧನದ ಠೇವಣಿ ಹಾಗೂ ಅದರ ಮರುಪಾವತಿಯ ಷರತ್ತುಗಳನ್ನು ಲಿಖಿತವಾಗಿ ಪಡೆಯುವುದು.

ಇ) ಹಳೆಯ ತಾಮ್ರದ ತಂತಿಯ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಬರುತ್ತಿತ್ತು. ಫೈಬರ್‌ನಲ್ಲಿ ವಿದ್ಯುತ್ ಹರಿಯದು. ವಿದ್ಯುತ್ ಕಡಿತದ ವೇಳೆ ಸೇವೆ ಬೇಕಿದ್ದಲ್ಲಿ ಯುಪಿಎಸ್ ವೆಚ್ಚವನ್ನೂ ಸೇರಿಸಿಕೊಳ್ಳುವುದು.

ಈ) ಒಂದೇ ಬೀದಿಯ ನಿವಾಸಿಗಳು ಒಟ್ಟಾಗಿ ಅರ್ಜಿ ಸಲ್ಲಿಸಿದಲ್ಲಿ ತಲಾ ವೆಚ್ಚ ತಗ್ಗುವುದರಿಂದ ಸೇವಾದಾರರು ಕಾಮಗಾರಿ ಕೈಗೊಳ್ಳುವ ಸಂಭವ ಹೆಚ್ಚು.

ಸಾರ್ವಜನಿಕರು ಮಾಸಿಕ ಶುಲ್ಕವೊಂದನ್ನೇ ಪರಿಗಣಿಸದೆ, ಮೊದಲ ವರ್ಷದ ಒಟ್ಟು ವೆಚ್ಚವನ್ನು ಲೆಕ್ಕ ಹಾಕಿದ ನಂತರವೇ ಅರ್ಜಿ ಸಲ್ಲಿಸುವುದು ಸೂಕ್ತ.