ಕ್ಯಾನ್‌ಕೂನ್‌ಗೆ ಹೋದರೆ ಗೇಟ್ ದಾಟಿ ಸ್ವಾಮಿ!

ಲಾಂಗ್ ವೀಕೆಂಡ್ ಬಂತೆಂದರೆ ಅಮೆರಿಕದಲ್ಲಿರೋ ನಮ್ಮ ಕನ್ನಡದ ಗೆಳೆಯರು ಮೆಕ್ಸಿಕೋದ ಕ್ಯಾನ್‌ಕೂನ್‌ಗೆ ಹೊರಡ್ತಾರೆ. ಚಾಲ್ತಿಯಲ್ಲಿರೋ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋ ವೀಸಾ ಬೇಕಿಲ್ಲವಲ್ಲ, ಅದಕ್ಕೇ. ಹೋಗಿಬಂದವರು ಕೊಡೋ ಸಲಹೆ ಮಾತ್ರ ಒಂದೇ: "ಎಲ್ಲ ಸೇರಿದ ಪ್ಯಾಕೇಜ್ ತಗೊಳ್ಳಿ, ರೆಸಾರ್ಟ್ ಗೇಟ್ ದಾಟಬೇಡಿ."

ನಾನಂತೂ ಒಪ್ಪಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಂಡು ನಾಲ್ಕು ದಿನ ಅದೇ ಬಫೆ ಮುಂದೆ ನಿಲ್ಲೋಕೆ ಅಷ್ಟು ದೂರ ಯಾಕೆ ಹೋಗಬೇಕು?

ಮೆಕ್ಸಿಕೋ ಕಾನೂನಿನಲ್ಲಿ ಕಡಲತೀರ ಎಲ್ಲರದ್ದು. ದಾರಿ ಅಡ್ಡಗಟ್ಟುವವರಿಗೆ ದಂಡ ಹಾಕುವ ತಿದ್ದುಪಡಿಯೂ 2020ರಲ್ಲಿ ಬಂತು. ಹೋಟೆಲ್ ಸಾಲಿನಲ್ಲೇ ಇರೋ ಪ್ಲಾಯಾ ಡೆಲ್ಫೀನೆಸ್‌ಗೆ ಪ್ರವೇಶ ಪುಕ್ಕಟೆ. ಸಮುದ್ರ ಅದೇ, ನೀಲಿಯೂ ಅದೇ. ಅಲೆ ಜೋರು, ಕೆಂಪು ಬಾವುಟ ಕಂಡರೆ ನೀರಿಗಿಳಿಯಬೇಡಿ.

ಸಂಜೆ ಸಿಟಿ ಬಸ್ ಹತ್ತಿ ಪೇಟೆಯೊಳಗಿನ ಪಾರ್ಕೆ ದೆ ಲಾಸ್ ಪಾಲಾಪಾಸ್‌ಗೆ ಹೋಗಿ. ನಿಮ್ಮ ಹಾಸಿಗೆ ಒಪ್ಪ ಮಾಡೋರ ಊರು ಈ ಕಡೆಯದು. ನಿಂಬೆಹುಳಿ, ಖಾರದಪುಡಿ ಹಾಕಿದ ಮುಸುಕಿನ ಜೋಳ ತಿನ್ನಿ, ದುಡ್ಡು ನೇರ ಗಾಡಿಯವರ ಕೈಗೇ ಹೋಗುತ್ತೆ. ಸಸ್ಯಾಹಾರಿಗಳೇ, ಬೀನ್ಸ್ ಪಲ್ಯಕ್ಕೆ ಹಂದಿಕೊಬ್ಬು ಹಾಕಿರಬಹುದು. "ಸಿನ್ ಮಾಂತೇಕಾ" ಅಂತ ಹೇಳಿ.

ಭಯಾನಾ? ಪರ್ಸಿನ ಮೇಲೆ ಕಣ್ಣು, ಕತ್ತಲಾದ ಮೇಲೆ ಎಚ್ಚರ... ಇವೆಲ್ಲ ನಮ್ಮ ಮೆಜೆಸ್ಟಿಕ್‌ನಲ್ಲೂ ಬೇಕು ತಾನೆ? :-)

ಗೇಟಿನೊಳಗೇ ಕೂತು ಬಂದು "ಮೆಕ್ಸಿಕೋ ನೋಡಿದೆ" ಅನ್ನಬೇಡಿ. ನೀವು ನೋಡಿದ್ದು ಈಜುಕೊಳ!