ಉಂಡು ಮಲಗಿದ ಮೇಲೂ ಮುಗಿಯದ ಜಗಳ

ಗಂಡನ ಮೇಲೆ ಸೇಡು ತೀರಿಸಿಕೊಳ್ಳುವ ಹೆಂಗಸನ್ನು ನಾಯಕಿಯಾಗಿ ಮೆರೆಸುವ ಚಲನಚಿತ್ರ, ಕಾದಂಬರಿಗಳು ನಮ್ಮ ಹೆಣ್ಣುಮಕ್ಕಳನ್ನು ಕೆಡಿಸುತ್ತಿವೆ, ಇವನ್ನು ನಿಷೇಧಿಸಬೇಕು ಎಂಬ ಮಾತು ನನ್ನ ವಯಸ್ಸಿನವರು ನಾಲ್ವರು ಸೇರಿದಲ್ಲೆಲ್ಲ ಕೇಳಿಬರುತ್ತಿದೆ. ಮದುವೆಮನೆಯ ಪಂಕ್ತಿಯಲ್ಲಿಯೂ ಇದೇ ಚರ್ಚೆ! ಈ ಮಾತನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಂಧುಗಳಲ್ಲಿ ಕೆಲವರಿಗೆ ಕಹಿಯಾದೀತು, ಮನ್ನಿಸಬೇಕು.

ಮೊದಲಿಗೆ ವಿರಾಟಪರ್ವವನ್ನು ನೆನಪಿಸಿಕೊಳ್ಳೋಣ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಪ್ರಸಂಗ ಮರೆತಿರಲಾರದು. ಸೈರಂಧ್ರಿಯಾಗಿ ಊಳಿಗಕ್ಕಿದ್ದ ದ್ರೌಪದಿಯ ಮೇಲೆ ಕೀಚಕನ ಕಣ್ಣು ಬೀಳುತ್ತದೆ. ಮನೆಯೊಡತಿ ಸುದೇಷ್ಣೆಯೇ ಆಕೆಯನ್ನು ಅವನ ಬಳಿಗೆ ಕಳುಹಿಸುತ್ತಾಳೆ. ತಪ್ಪಿಸಿಕೊಂಡು ರಾಜಸಭೆಗೆ ಓಡಿಬಂದವಳನ್ನು ಕೀಚಕ ಎಲ್ಲರೆದುರಿಗೇ ಒದೆಯುತ್ತಾನೆ. ರಾಜನಿಂದ ನ್ಯಾಯ ಸಿಗುವುದಿಲ್ಲ. ಕಂಕನ ವೇಷದಲ್ಲಿದ್ದ ಧರ್ಮರಾಯನಿಂದಲೂ ದೊರೆಯುವುದು ಸಮಾಧಾನದ ಮಾತು ಮಾತ್ರ. ಆ ರಾತ್ರಿ ಆಕೆ ಹೋಗುವುದು ಬಾಣಸಿಗನಾಗಿದ್ದ ಭೀಮನಲ್ಲಿಗೆ. ಮುಂದೆ ಆಸೆ ತೋರಿಸಿ ಕೀಚಕನನ್ನು ನಾಟ್ಯಶಾಲೆಗೆ ಬರಮಾಡಿಕೊಂಡವಳೂ ಆಕೆಯೇ. ಒಳಸಂಚು, ವಂಚನೆ, ಕೊಲೆ ಎಲ್ಲವೂ ಇಲ್ಲಿವೆ. ಆದರೂ ಗಮಕ ವಾಚನದಲ್ಲಿ, ಯಕ್ಷಗಾನದ ಬಯಲಿನಲ್ಲಿ ಕೀಚಕವಧೆಗೆ ತಲೆದೂಗಿದ ಹಿರಿಯರಾರೂ ಇದರಿಂದ ಹೆಂಗಸರು ಕೆಟ್ಟಾರೆಂದು ಚಿಂತಿಸಿದ್ದನ್ನು ನಾನು ಕಂಡಿಲ್ಲ. ಕೀಚಕ ಹೊರಗಿನವನಾದ್ದರಿಂದ ನಮಗೆ ಸುಲಭವಾಯಿತು. ಅವನೇ ಕೈಹಿಡಿದ ಗಂಡನಾಗಿದ್ದರೆ?

2022ರಲ್ಲಿ ಬಂದ 'ಡಾರ್ಲಿಂಗ್ಸ್' ಎಂಬ ಹಿಂದೀ ಚಿತ್ರ ಕೇಳಿದ್ದು ಇದೇ ಪ್ರಶ್ನೆಯನ್ನು. ಜಸ್ಮೀತ್ ಕೆ. ರೀನ್ ನಿರ್ದೇಶನದ ಈ ಚಿತ್ರದಲ್ಲಿ ಕುಡಿದು ಹೊಡೆಯುವ ಗಂಡನನ್ನು ಬದ್ರು ಎಂಬಾಕೆ ಎಷ್ಟೋ ಸಲ ಕ್ಷಮಿಸುತ್ತಾಳೆ. ಕೊನೆಗೊಮ್ಮೆ ತಾಯಿಯೊಡನೆ ಸೇರಿ ಅವನನ್ನು ಮನೆಯಲ್ಲಿಯೇ ಕಟ್ಟಿಹಾಕಿ, ತಾನುಂಡದ್ದನ್ನೇ ಅವನಿಗೂ ಉಣಿಸುತ್ತಾಳೆ. ಗಂಡಸರ ಮೇಲಿನ ಹಿಂಸೆಗೆ ಕುಮ್ಮಕ್ಕು ಎಂದು ಬಹಿಷ್ಕಾರದ ಕೂಗೆದ್ದಿತು. ಕೂಗಿದವರು ಕೊನೆಯವರೆಗೆ ನೋಡಿದ್ದರೋ ಇಲ್ಲವೋ! ಕೊಲ್ಲುವ ಗಳಿಗೆ ಬಂದಾಗ ಆಕೆ ಕೊಲ್ಲುವುದಿಲ್ಲ, ಕಟ್ಟು ಬಿಚ್ಚಿಬಿಡುತ್ತಾಳೆ. ಅವನು ಸಾಯುವುದು ರೈಲಿಗೆ ಸಿಕ್ಕಿ.

ಇಂಥ ಕಥೆಗಳನ್ನು ಹೆಂಗಸರು ಏಕೆ ಅಷ್ಟು ಆಸ್ಥೆಯಿಂದ ನೋಡುತ್ತಾರೆ? ರಕ್ತದ ಆಸೆಯಿಂದಲ್ಲ. ಕಥೆ ನೋಡಿ ಕೊಲೆಗಾತಿಯಾಗುವುದಾದರೆ ರಾಮಾಯಣ ಓದಿದ ಗಂಡಸರೆಲ್ಲ ಏಕಪತ್ನೀವ್ರತಸ್ಥರಾಗಬೇಕಿತ್ತು! ಉತ್ತರ ಬೇರೆಡೆ ಇದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತೆಯರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 20.6 ಇತ್ತು. ಶರಣರ ನಾಡು, ದಾಸರ ನಾಡು ಎಂದು ಬೀಗುವ ನಾವು ದೇಶದ ಸರಾಸರಿಯಾದ 29.3ನ್ನೂ ಬಹಳ ಹಿಂದಕ್ಕೆ ಹಾಕಿದ್ದೇವೆ. ಅದೇ ಸಮೀಕ್ಷೆ ಹೇಳುವಂತೆ, ಇಡೀ ದೇಶದಲ್ಲಿ ಹಿಂಸೆಗೊಳಗಾದ ಸ್ತ್ರೀಯರ ಪೈಕಿ ನೆರವು ಕೇಳಿದವರು ಶೇಕಡಾ 14 ಮಾತ್ರ. ಉಳಿದವರು ಕೇಳಲಿಲ್ಲವೇಕೆ? ಕೇಳಿದರೆ ಸಿಗುವ ಉತ್ತರ ಅವರಿಗೆ ಮೊದಲೇ ಗೊತ್ತು: "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ", "ಸ್ವಲ್ಪ ಹೊಂದಿಕೊಂಡು ಹೋಗಮ್ಮ". ಯಾರೂ ಕಿವಿಗೊಡದ ದೂರಿಗೆ ಕಥೆಯಲ್ಲಾದರೂ ಉತ್ತರ ಸಿಕ್ಕಿತಲ್ಲ ಎಂಬ ನಿಟ್ಟುಸಿರೇ ಈ ಆಕರ್ಷಣೆಯ ಗುಟ್ಟು.

ಹಾಗಾದರೆ ಅನ್ಯಾಯವಾಗದೆಯೂ ಕೇಡು ಬಗೆಯುವ ಹೆಣ್ಣಿನ ಕಥೆಗಳಿಲ್ಲವೇ ಎಂದು ಕೇಳಬಹುದು. ಇವೆ. ಗಿಲಿಯನ್ ಫ್ಲಿನ್ 2012ರಲ್ಲಿ ಪ್ರಕಟಿಸಿದ 'ಗಾನ್ ಗರ್ಲ್' ಕಾದಂಬರಿಯ ಏಮಿ ತಾನೇ ಕಣ್ಮರೆಯಾಗಿ ಗಂಡನ ತಲೆಗೆ ಕೊಲೆಯ ಆರೋಪ ಕಟ್ಟುತ್ತಾಳೆ. ಗಂಡನದು ದಾಂಪತ್ಯದ್ರೋಹ, ಆದರೆ ಆಕೆ ವಿಧಿಸುವ ಶಿಕ್ಷೆಗೆ ಅಳತೆಯೇ ಇಲ್ಲ. ನಮ್ಮ ಜನ್ನನಂತೂ 1209ರಲ್ಲಿಯೇ, 'ಯಶೋಧರ ಚರಿತೆ'ಯಲ್ಲಿ, ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಅಮೃತಮತಿಯನ್ನು ಚಿತ್ರಿಸಿದ. ಎಂಟು ನೂರು ವರ್ಷಗಳಿಂದ ಅದನ್ನು ಓದುತ್ತ ಬಂದಿದ್ದೇವೆ, ಕನ್ನಡದ ಮನೆಗಳೇನೂ ಮುರಿದುಬೀಳಲಿಲ್ಲ. ದುಷ್ಟತನ, ಜಾಣತನ ಎರಡೂ ಗಂಡಸಿನ ಸೊತ್ತಲ್ಲ. ರಾವಣ, ದುರ್ಯೋಧನರ ಪಾತ್ರಗಳನ್ನು ಮೆಚ್ಚಿ ನೋಡುವವರಿಗೆ ಇವರನ್ನು ಕಂಡಾಗ ಮಾತ್ರ ಧರ್ಮಪ್ರಜ್ಞೆ ಜಾಗೃತವಾಗುವುದು ಸೋಜಿಗ.

ಆದರೆ ಈ ಬಗೆಯ ರೋಚಕ ಕಥೆಗಳ ಮೇಲೆ ನನ್ನದೂ ಒಂದು ಆಕ್ಷೇಪವಿದೆ. ಬಹಳಷ್ಟು ಕಥೆಗಳಲ್ಲಿ ನಾಯಕಿ ಒಂಟಿ. ಆಕೆ ಒಂಟಿಯಾದದ್ದು ಹೇಗೆಂದು ಅವು ಕೇಳುವುದಿಲ್ಲ. ಅದನ್ನು ಕೇಳಿದ ಕಥೆಯೊಂದನ್ನು ಅಮೆರಿಕದ ಸೂಸನ್ ಗ್ಲಾಸ್ಪೆಲ್ ಬರೆದಿದ್ದಾಳೆ. ಪತ್ರಿಕಾ ವರದಿಗಾರ್ತಿಯಾಗಿದ್ದಾಗ, 1900ರಲ್ಲಿ ಅಯೋವಾ ಪ್ರಾಂತ್ಯದಲ್ಲಿ ನಡೆದ ರೈತನೊಬ್ಬನ ಕೊಲೆಯ ಬಗ್ಗೆ ಆಕೆ ವರದಿ ಮಾಡಿದ್ದಳು. ಅದನ್ನೇ ಆಧರಿಸಿ 1916ರಲ್ಲಿ 'ಟ್ರೈಫಲ್ಸ್' ಎಂಬ ನಾಟಕವನ್ನೂ ಮರುವರ್ಷ ಒಂದು ಸಣ್ಣಕಥೆಯನ್ನೂ ರಚಿಸಿದಳು. ಗಂಡನನ್ನು ಕೊಂದ ಆರೋಪ ಹೊತ್ತವಳ ಮನೆಯಲ್ಲಿ ಅಧಿಕಾರಿಗಳು ಸಾಕ್ಷ್ಯ ಹುಡುಕುತ್ತಿದ್ದಾರೆ. ಅಡುಗೆಮನೆಯಲ್ಲಿ ಏನಿದ್ದೀತೆಂದು ಅವರಿಗೆ ತಾತ್ಸಾರ. ಅಲ್ಲಿಯೇ, ಅರ್ಧ ಹೊಲಿದ ಕೌದಿಯ ತುಂಡುಗಳ ನಡುವೆ, ಕತ್ತು ಮುರಿದ ಪುಟ್ಟ ಹಾಡುಹಕ್ಕಿಯೊಂದು ಜೊತೆಗೆ ಬಂದ ಇಬ್ಬರು ಹೆಂಗಸರಿಗೆ ಸಿಗುತ್ತದೆ. ಆಕೆಯ ಬಾಳಿನ ಕಥೆಯೆಲ್ಲ ಅವರಿಗೆ ಅರ್ಥವಾಗಿಬಿಡುತ್ತದೆ. ಹಕ್ಕಿಯನ್ನು ಬಚ್ಚಿಡುತ್ತಾರೆ. ನೆರೆಯವಳನ್ನು ಸುಡುವ ಸಂಕಟವೊಂದೇ: ಇಷ್ಟು ಹತ್ತಿರವಿದ್ದೂ ತಾನು ಒಮ್ಮೆ ಬಂದು ವಿಚಾರಿಸಲಿಲ್ಲವಲ್ಲ!

ನಿಷೇಧದ ಮಾತಾಡುವ ಹಿರಿಯರೇ, ಪ್ರಶ್ನೆ ಇರುವುದು ಇಲ್ಲಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 4ನೆಯ ಕಲಮನ್ನು ದಯಮಾಡಿ ಓದಿ. ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಅಂದರೆ ದೂರು ಕೊಡುವ ಭಾರವನ್ನು ಕಾನೂನು ಪೆಟ್ಟು ತಿಂದವಳೊಬ್ಬಳ ತಲೆಗೇ ಕಟ್ಟಿಲ್ಲ. ಗೋಡೆಯಾಚೆಯ ಸದ್ದು ಕೇಳಿ ದೂರದರ್ಶನದ ಧ್ವನಿ ಏರಿಸುವವರಿಗೆ ಈಗ ಯಾವ ನೆಪವೂ ಉಳಿದಿಲ್ಲ.

ಸೇಡಿನ ಕಥೆಗಳು ಮುಚ್ಚಿಹೋಗಬೇಕೆಂಬ ಆಸೆ ನಿಜವಾಗಿಯೂ ಇದ್ದರೆ ದಾರಿ ಸುಲಭ. ತವರಿಗೆ ಬಂದ ಮಗಳ ತೋಳಿನ ಕಲೆಯನ್ನು ನೋಡಿ "ಏನಾಯಿತಮ್ಮ?" ಎಂದು ಕೇಳಿ. ಅವಳು ಹೇಳುವುದನ್ನು ಪೂರ್ತಿ ಕೇಳಿ. ನಡುವೆ ಗಾದೆ ಹೇಳಬೇಡಿ.